ಬಾಲವಿಲ್ಲದ ಟೇಲರ್

ರಸ್ತೆ ಎಡಕ್ಕೆ ಹೊರಳುವ ಮೂಲೆಯಲ್ಲಿ ಅವನ ಅಂಗಡಿ. ಒಳಗೆ ಇಬ್ಬರು ನಿಂತರೆ ಮೂರನೆಯವನು ಹೊಟ್ಟೆ ಒಳಕ್ಕೆಳೆದುಕೊಳ್ಳಬೇಕು, ಅಷ್ಟೇ ಅಗಲ. ಕಾಲಲ್ಲಿ ತುಳಿಯುವ ಒಂದು ಮೆಷಿನ್ನು, ಬಟ್ಟೆ ಹಾಸಿ ಕತ್ತರಿಸುವ ಒಂದು ಮೇಜು, ಗೋಡೆಯ ಮೊಳೆಗಳಿಗೆ ನೇತುಬಿದ್ದ ಮೂರು ಕತ್ತರಿ. ದೊಡ್ಡದು ಬಟ್ಟೆಗೆ, ಸಣ್ಣದು ದಾರಕ್ಕೆ. ಮೂರನೆಯದು ಹಲ್ಲಿನ ಕತ್ತರಿ. ಅದರ ಅಲಗಿನ ಉದ್ದಕ್ಕೂ ಗರಗಸದಂಥ ಹಲ್ಲು. ಅದರಲ್ಲಿ ಕತ್ತರಿಸಿದ ಅಂಚು ಅಂಕುಡೊಂಕಾಗಿ ಬರುತ್ತದೆ, ನೂಲು ಬಿಚ್ಚಿಕೊಳ್ಳುವುದಿಲ್ಲ. ಸುತ್ತ ನಾಲ್ಕು ಬೀದಿಗೆ ಅಂಥ ಕತ್ತರಿ ಅದೊಂದೇ. ಯಾರಾದರೂ ಒಂದು ಗಳಿಗೆ ಕೊಡು ಎಂದು ಕೇಳಿದರೆ, "ಹಲ್ಲು ಬೇಕಾದ್ರೆ ನನ್ನ ಬಾಯಿಂದ ಕಿತ್ಕೊಳ್ಳಿ, ಇದನ್ನ ಮುಟ್ಬೇಡಿ" ಎನ್ನುತ್ತಿದ್ದ.

ಓದಿದ್ದು ಏಳನೆಯ ತರಗತಿ. ಆಮೇಲೆ ಅಪ್ಪ ಮೆಷಿನ್ನಿನ ಮುಂದೆ ಕೂರಿಸಿದ. ಆದರೆ ಇಂಗ್ಲಿಷನ್ನು ಅವನು ಬಿಡಲಿಲ್ಲ. ದಾರದ ಉಂಡೆಗೆ ಅಂಟಿಸಿದ ಚೀಟಿ, ಹೊಲಿಗೆಯ ಅಳತೆಯ ಪುಸ್ತಕ, ಬಟ್ಟೆ ಸುತ್ತಿಕೊಂಡು ಬರುವ ಹಳೆಯ ಪೇಪರು, ಕೈಗೆ ಸಿಕ್ಕಿದ್ದನ್ನೆಲ್ಲ ಬೆರಳಿಟ್ಟು ಓದಿದ. ಇರುವೆ ಸಕ್ಕರೆ ಹೊತ್ತ ಹಾಗೆ ಒಂದೊಂದೇ ಪದ ಹೊತ್ತು ತಂದು ತಲೆಯಲ್ಲಿ ಪೇರಿಸಿದ. ಇದನ್ನು ಕಂಡು ಭೇಷ್ ಎಂದವರು ಲೋಕದಲ್ಲಿ ಒಬ್ಬರೇ, ಅವನ ಮಾವ.

ಮಾವ ಒಂದು ಅಚ್ಚಿನ ಮನೆಯಲ್ಲಿ ನಲವತ್ತು ವರ್ಷ ಪ್ರೂಫ್ ತಿದ್ದಿದವರು. ತಪ್ಪು ಹುಡುಕಿ ಹುಡುಕಿ ಅವರ ಎರಡು ಹುಬ್ಬಿನ ನಡುವೆ ಒಂದು ಗೆರೆ ನಿಂತುಬಿಟ್ಟಿತ್ತು. ಹಾಳೆಯಲ್ಲಿ ಒಂದೂ ತಪ್ಪಿಲ್ಲದಿದ್ದರೆ ಮಾತ್ರ ಕೆಳಗೆ ಪೆನ್ಸಿಲಿನಲ್ಲಿ ಒಂದು ಟಿಕ್ಕು ಹಾಕುತ್ತಿದ್ದರು. ಅದರ ಬಾಲ ಹಾಳೆಯ ಅಂಚಿನವರೆಗೆ ಹರಿಯುತ್ತಿತ್ತು. ಆ ಬಾಲಕ್ಕಾಗಿ ಅಚ್ಚುಮೊಳೆ ಜೋಡಿಸುವವರು ಬಾಯಿ ಬಿಟ್ಟುಕೊಂಡು ಕಾಯುತ್ತಿದ್ದರಂತೆ. ಅಚ್ಚಿನ ಮನೆ ಮುಚ್ಚಿದಾಗ ಅಲ್ಲಿದ್ದ ದೊಡ್ಡ ಇಂಗ್ಲಿಷ್ ನಿಘಂಟನ್ನು ಮಾವ ಎದೆಗವಚಿಕೊಂಡು ಮನೆಗೆ ತಂದರು. ಏಳು ಕೇಜಿ ತೂಕ. ಬೆನ್ನಿಗೆ ಚರ್ಮ, ಒಳಗೆ ಇರುವೆಗಾತ್ರದ ಅಕ್ಷರ, ಅಲ್ಲಲ್ಲಿ ಹೆಬ್ಬೆರಳುಗಾತ್ರದ ಚಿತ್ರ.

ಮದುವೆಯ ಮಾತಿಗೆ ಹೋದ ದಿನ ಮಾವ ದರ್ಜಿಯನ್ನು ಸಂಪಾದನೆ ಕೇಳಲಿಲ್ಲ, ಮನೆತನ ಕೇಳಲಿಲ್ಲ.

"ಟೇಲರ್ ಅಂದ್ರೆ ಏನರ್ಥ ಗೊತ್ತೇನಪ್ಪಾ?"

"ಟೇಲ್ ಅಂದ್ರೆ ಬಾಲ. ಆದ್ರೆ ಟೇಲರ್ ಅಂದ್ರೆ ಬಾಲ ಇರೋನಲ್ಲ ಸಾರ್. ಅದು ಬೇರೆ ಭಾಷೆಯಿಂದ ಬಂದ ಮಾತು. ಕತ್ತರಿಸೋನು ಅಂತ." ಅಳತೆಯ ಪುಸ್ತಕದ ಮೊದಲ ಪುಟದಲ್ಲಿ ಅವನು ಅದನ್ನು ಓದಿದ್ದ.

ಮಾವನ ಹುಬ್ಬಿನ ನಡುವಿನ ಗೆರೆ ಒಂದು ಗಳಿಗೆ ಮಾಯವಾಯಿತು. "ಲೇ, ಟೀ ತಾರೇ, ಅಳಿಯ ಸಿಕ್ಕಿದ" ಎಂದು ಒಳಗೆ ಕೂಗಿದರು. ಅಂದಿನಿಂದ ಅವನಿಗೆ ಆ ಮನೆಯಲ್ಲಿ ಕತ್ತರಿ ಎಂದೇ ಹೆಸರು.

ಬಾಲದ ಆಟ ಶುರುವಾದದ್ದು ಹಾಗೆ. ಪ್ರತಿ ಭಾನುವಾರ ಮಧ್ಯಾಹ್ನ ಕತ್ತರಿ ಬಾಲವಿರುವ ಒಂದು ಹಳೆಯ ಇಂಗ್ಲಿಷ್ ಪದ ತರಬೇಕು. ಅದು ನಿಜವಾದ ಬಾಲವೋ, ಟೇಲರಿನ ಬಾಲದಂತೆ ಸುಳ್ಳು ಬಾಲವೋ ಹೇಳಬೇಕು. ಪ್ಲೌಟೇಲ್ ತಂದ: ನೇಗಿಲಿನ ಹಿಂದಿನ ಹಿಡಿ, ನಮ್ಮ ಮೇಳಿ, ನಿಜ ಬಾಲ. ಡ್ರ್ಯಾಗಲ್‌ಟೇಲ್ ತಂದ: ಲಂಗದ ಅಂಚನ್ನು ಕೆಸರಲ್ಲಿ ಎಳೆದಾಡಿಕೊಂಡು ಓಡಾಡುವ ಹೆಂಗಸು, "ಅಳತೆ ಕೊಡುವಾಗ ಉದ್ದ ಇರ್ಲಿ ಅಂತಾರಲ್ಲ, ಅವರೇ ಮಾವ" ಎಂದ. ಟೇಲ್‌ರೇಸ್: ನೀರಿನ ಗಿರಣಿಯ ಚಕ್ರ ತಿರುಗಿಸಿ ದಣಿದ ನೀರು ಹೊರಗೆ ಹರಿದುಹೋಗುವ ಕಾಲುವೆ. ರೀಟೇಲ್: ಸುಳ್ಳು ಬಾಲ, ತುಂಡು ತುಂಡಾಗಿ ಕತ್ತರಿಸಿ ಮಾರುವುದು. ಒಂದು ವಾರ ಕರ್ಟೇಲ್ ತಂದ. ಮೊಟಕು ಮಾಡುವುದು ಎಂದರ್ಥ. ಮೊದಲು ಅದು ಕರ್ಟಲ್ ಎಂದಿತ್ತು, ಬಾಲ ಮೊಟಕಾದ ಕುದುರೆಗೆ ಹೇಳುವ ಮಾತು. ಪದದಲ್ಲಿ ಬಾಲವೇ ಇರಲಿಲ್ಲ, ಇದೆ ಅಂದುಕೊಂಡ ಜನ ಕಾಗುಣಿತದಲ್ಲಿ ಸೇರಿಸಿದರು.

"ಅಂದ್ರೆ ಕುದುರೆ ಬಾಲ ಕತ್ತರಿಸಿ ಪದಕ್ಕೆ ಅಂಟಿಸಿದ್ರು ಅನ್ನು!" ಎಂದು ಮಾವ ನಕ್ಕು ನಕ್ಕು ಕೆಮ್ಮಿದರು. ಅತ್ತೆ ನೀರು ತಂದು, "ನಿಮ್ಮಿಬ್ಬರ ಬಾಲ ಹನುಮಂತನ ಬಾಲ, ಮುಗಿಯೋದೇ ಇಲ್ಲ" ಎಂದರು.

ಹೀಗೆ ಅರವತ್ತೆರಡು ಪದ. ಅಳತೆಯ ಕಾಗದ ಮಡಚಿ ಹೊಲಿದ ಪುಸ್ತಕದಲ್ಲಿ ಕತ್ತರಿ ಎಲ್ಲವನ್ನೂ ಬರೆದಿಟ್ಟಿದ್ದ. ಬಾಯಿ ಬಿಟ್ಟು ಯಾರೂ ಹೇಳದಿದ್ದರೂ ನಿಘಂಟು ಕೊನೆಗೆ ತನ್ನ ಮನೆಗೇ ಬರುತ್ತದೆ ಎಂದು ಅವನು ನಂಬಿದ್ದ. ಇಡುವುದಕ್ಕೆ ಅಂಗಡಿಯಲ್ಲಿ ಜಾಗವನ್ನೂ ಮಾಡಿಕೊಂಡಿದ್ದ, ಕಿಟಕಿಯ ಕೆಳಗೆ, ಬೆಳಕು ಬೀಳುವ ಕಡೆ.

ಅಷ್ಟರಲ್ಲಿ ಮಾವನ ಕಿರಿಯ ಮಗಳ ಮದುವೆಯಾಯಿತು. ಗಂಡ ಬಡಗಿ. ಅಗಲ ಎದೆ, ಕಿವಿಯ ಸಂದಿಯಲ್ಲಿ ಯಾವಾಗಲೂ ಒಂದು ಪೆನ್ಸಿಲು, ಮಾತಿಗೊಂದು ನಗೆ. ಇಂಗ್ಲಿಷ್ ಎಂದರೆ ಅವನಿಗೆ ಬಸ್ಸಿನ ಬೋರ್ಡು ಮಾತ್ರ. ಮೊದಲ ಭಾನುವಾರ ಬಾಗಿಲ ಹತ್ತಿರ ಕೂತು ಷಡ್ಡಕನ ಪದವನ್ನು ಬೆಪ್ಪಾಗಿ ಕೇಳಿದ. ಮಾವ ತಮಾಷೆಗೆ, "ಏನಪ್ಪಾ, ನಿನ್ನ ಹತ್ರ ಯಾವುದಾದ್ರೂ ಬಾಲ ಇದೆಯೋ?" ಎಂದರು.

"ಒಂದೇ ಒಂದಿದೆ ಮಾವ. ಡವ್‌ಟೇಲ್."

ಚೀಲದಿಂದ ಎರಡು ಮರದ ತುಂಡು ತೆಗೆದ. ಒಂದರ ತುದಿಯಲ್ಲಿ ಪಾರಿವಾಳ ಬಾಲ ಬಿಚ್ಚಿದ ಹಾಗೆ ಅಗಲವಾಗುತ್ತ ಹೋಗುವ ನಾಲಿಗೆಗಳು, ಇನ್ನೊಂದರಲ್ಲಿ ಅವಕ್ಕೆ ಸರಿಯಾದ ಗೂಡುಗಳು. ಮೇಲಿನಿಂದ ಇಳಿಸಿ ಅಂಗೈಯಲ್ಲಿ ಒಂದು ಪೆಟ್ಟು ಕೊಟ್ಟ. ಕೂತಿತು. "ಎಳೀರಿ ಮಾವ. ಮೊಳೆ ಇಲ್ಲ, ಅಂಟಿಲ್ಲ. ಬಂದ್ರೆ ನನ್ನ ಮೀಸೆ ಬೋಳಿಸ್ಕೋತೀನಿ."

ಮಾವನ ಕಣ್ಣಿಗೆ ಆಗಲೇ ಮಂಜು ಕವಿಯುತ್ತಿತ್ತು. ತುಂಡನ್ನು ಎರಡೂ ಕೈಯಲ್ಲಿ ಹಿಡಿದು ಎಳೆದರು. ಬರಲಿಲ್ಲ. ಕೂಡಿದ ಜಾಗವನ್ನು ಬೆರಳ ತುದಿಯಿಂದ ಸವರಿದರು, ಮತ್ತೆ ಸವರಿದರು. ಹುಬ್ಬಿನ ನಡುವಿನ ಗೆರೆ ಹೋಯಿತು. ಒಂದು ಗಳಿಗೆಗಲ್ಲ, ಆ ಇಡೀ ಮಧ್ಯಾಹ್ನ.

"ಇಷ್ಟು ದಿನ ಬಾಲದ ಪದ ಕೇಳಿದ್ದೆ. ಇವತ್ತು ಒಂದನ್ನ ಮುಟ್ಟಿದೆ" ಎಂದರು. ಬಡಗಿಗೂ ಅಂದೇ ಅವನ ಹತಾರದ ಹೆಸರು ಬಿತ್ತು, ಉಳಿ.

ಕತ್ತರಿ ತನ್ನ ಪದಗಳ ಪುಸ್ತಕವನ್ನು ಜೇಬಿಗೆ ತುರುಕಿದ. ಕೇಳಿದ್ದೆ! ಅರವತ್ತೆರಡು ಪದ, ಒಂದೊಂದಕ್ಕೂ ಒಂದೊಂದು ವಾರದ ಕಣ್ಣುನೋವು, ಎಲ್ಲ ಬರೀ ಕೇಳಿದ್ದು. ಮೊನ್ನೆ ಬಂದವನು ಎರಡು ಸೌದೆ ಚೂರು ತೋರಿಸಿ ಮುಟ್ಟಿಸಿಬಿಟ್ಟ.

ಹೊಟ್ಟೆಕಿಚ್ಚು ಹೊಕ್ಕ ಮನೆಯಲ್ಲಿ ಬೇರೆ ಒಲೆ ಬೇಡ. ಕತ್ತರಿಯ ಮನೆಯ ಬೀರುವಿನ ಡ್ರಾಯರು ಸಿಕ್ಕಿಹಾಕಿಕೊಂಡು ತಿಂಗಳಾಗಿತ್ತು. "ತಂಗಿ ಗಂಡನ್ನ ಕರೆದ್ರೆ ಐದು ನಿಮಿಷದ ಕೆಲಸ ರೀ" ಎಂದಳು ಹೆಂಡತಿ.

"ಅವನು ಈ ಮನೇಲೂ ಬಾಲ ತೂರಿಸೋದು ಬೇಡ."

"ಹಾಗಾದ್ರೆ ನಿಮ್ಮ ಬನೀನು ಒಳಗೇ ಇರ್ಲಿ. ನಿಮ್ಮ ಹೊಟ್ಟೆಯಿಂದ ಏಳೋ ಹೊಗೆಗೆ ಗೋಡೆ ಕಪ್ಪಾಗ್ತಿದೆ, ನೋಡ್ಕೊಳ್ಳಿ."

ಅವನು ಎರಡೇ ಬನೀನಿನಲ್ಲಿ ತಿಂಗಳು ದೂಡಿದ. ಡ್ರಾಯರು ತೆಗೆಸಲಿಲ್ಲ.

ಉಳಿಗೆ ಇದಾವುದೂ ತಿಳಿಯದು. ಪ್ಯಾಂಟಿನ ಬಟ್ಟೆ ತಂದು, "ಅಣ್ಣ, ನೀವೇ ಹೊಲೀಬೇಕು, ಬೇರೆಯವರ ಕೈ ನನಗೆ ಹಿಡಿಸಲ್ಲ" ಎಂದು ಕೊಟ್ಟ. ಕತ್ತರಿ ಅಳತೆ ಸರಿಯಾಗಿಯೇ ತೆಗೆದ. ಕತ್ತರಿಸುವಾಗ ಮಾತ್ರ ಕೈ ಎರಡು ಬೆರಳು ಹಿಂದಕ್ಕೆ ಸರಿಯಿತು. ಹಾಕಿ ನೋಡಿದ ಉಳಿ ಬಗ್ಗಿ ತನ್ನ ಕಾಲನ್ನೇ ನೋಡಿಕೊಂಡ.

"ಅಣ್ಣ, ಸ್ವಲ್ಪ ಮೇಲೇ ನಿಂತಂಗಿದೆಯಲ್ಲ?"

"ನೀನು ಬೆಳೀತಿದೀಯ."

"ಮೂವತ್ತೆರಡು ವರ್ಷಕ್ಕಾ?"

"ಕೆಲವರಿಗೆ ತಡ."

ಉಳಿ ಹೋ ಎಂದು ನಕ್ಕು ಅದೇ ಪ್ಯಾಂಟಿನಲ್ಲಿ ಓಡಾಡಿದ. ಅವನು ನಕ್ಕದ್ದೂ ಕತ್ತರಿಗೆ ಚುಚ್ಚಿತು. ಜಗಳಕ್ಕಾದರೂ ಬರಬಾರದೇ ಈ ಪ್ರಾಣಿ!

ಆಮೇಲೆ ಒಂದು ಭಾನುವಾರ ಮಾವ ಇಬ್ಬರನ್ನೂ ಹತ್ತಿರ ಕೂರಿಸಿಕೊಂಡರು. ಕಣ್ಣು ಪೂರ್ತಿ ಹೋಗುವ ಹಂತಕ್ಕೆ ಬಂದಿತ್ತು. "ಇನ್ನು ಈ ಡಿಕ್ಷನರಿ ನನಗೆ ಬರೀ ಭಾರ ಕಣ್ರಪ್ಪಾ. ಬರೋ ಭಾನುವಾರ ಇಬ್ಬರೂ ಒಂದೊಂದು ಪದ ತನ್ನಿ. ಯಾರ ಪದ ನನಗೆ ಮುಟ್ಟುತ್ತೋ ಅವರ ಮನೆಗೆ ಪುಸ್ತಕ" ಎಂದರು.

ಕತ್ತರಿಗೆ ಊಟ ರುಚಿಸಲಿಲ್ಲ. ಪದವೇನೋ ಅವನ ಹತ್ತಿರ ಸಿದ್ಧವಿತ್ತು: ಎಂಟೇಲ್. ಹಳೆಯ ಕಾಲದ ಜಮೀನಿನ ಕಾನೂನು. ಆಸ್ತಿ ಒಂದೇ ಸಾಲಿನಲ್ಲಿ ಇಳಿಯಬೇಕು, ಅಡ್ಡದಾರಿಯಲ್ಲಿ ಇನ್ನೊಬ್ಬರಿಗೆ ಹೋಗಕೂಡದು. ಹಿರಿಯ ಅಳಿಯ ಹೇಳಬೇಕಾದ ಪದವೆಂದರೆ ಇದೇ. ಅರ್ಥವನ್ನು ಇನ್ನೊಂದು ಸಲ ಗಟ್ಟಿ ಮಾಡಿಕೊಳ್ಳೋಣವೆಂದು ಬುಧವಾರ ಮಧ್ಯಾಹ್ನ ಮಾವನ ಮನೆಗೆ ಹೋದ. ಮಾವ ಒಳಕೋಣೆಯಲ್ಲಿ ಮಲಗಿದ್ದರು, ಅತ್ತೆ ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದರು. ಪುಸ್ತಕ ಮೇಜಿನ ಮೇಲಿತ್ತು.

ಎಂಟೇಲ್ ಹುಡುಕಲು ಹೋದ ಕೈ ತಾನಾಗಿ ಡವ್‌ಟೇಲಿಗೆ ಹೋಯಿತು. ಹೊರ ಅಂಚಿನ ಸಾಲಿನಲ್ಲಿ ಆ ಪದ, ಪಕ್ಕದಲ್ಲಿ ಎರಡು ಹಲಗೆ ಕೂಡಿದ ಚಿಕ್ಕ ಚಿತ್ರ. ಅದರ ಮಗ್ಗುಲಲ್ಲಿ ಪೆನ್ಸಿಲಿನ ಟಿಕ್ಕು. ಬಾಲ ಹಾಳೆಯ ಅಂಚಿನವರೆಗೆ ಹರಿದಿತ್ತು.

ಕತ್ತರಿ ಗಡಗಡ ಪುಟ ಮಗುಚಿದ. ಪ್ಲೌಟೇಲ್ ನೋಡಿದ, ಇಲ್ಲ. ಕರ್ಟೇಲ್ ನೋಡಿದ, ಅಷ್ಟು ನಕ್ಕಿದ್ದರಲ್ಲ, ಇಲ್ಲ. ಟೇಲರ್ ನೋಡಿದ. ಅಲ್ಲೂ ಬಿಳಿ. ಅರವತ್ತೆರಡು ಪದದಲ್ಲಿ ನೋಡಿದ ಒಂದಕ್ಕೂ ಬಾಲದ ಟಿಕ್ಕಿಲ್ಲ.

ಹೊಟ್ಟೆಕಿಚ್ಚಿಗೆ ಕಣ್ಣಿಲ್ಲ, ಕೈ ಮಾತ್ರ ಇರುತ್ತದೆ. ಸಾಣೆಗೆ ಕೊಡಲೆಂದು ಚೀಲದಲ್ಲಿಟ್ಟುಕೊಂಡಿದ್ದ ಕತ್ತರಿ ಕೈಗೆ ಬಂತು. ಅಂಚಿನಿಂದ ಒಳಕ್ಕೆ, ಪದದ ಸುತ್ತ, ಮತ್ತೆ ಅಂಚಿಗೆ. ಮೂರು ಕಚ್ಚು. ಹಿತ್ತಲ ಬಾಗಿಲು ಕಿರ್ರೆಂದಿತು. ತುಂಡನ್ನು ಜೇಬಿಗೆ ತುರುಕಿ, ಪುಸ್ತಕ ಮುಚ್ಚಿ, ಅತ್ತೆಗೆ ಏನೋ ಒದರಿ, ಬಾಲ ಸುಟ್ಟ ಬೆಕ್ಕಿನಂತೆ ಬೀದಿಗೆ ಬಿದ್ದ.

ಅಂಗಡಿಗೆ ಬಂದು ತುಂಡನ್ನು ಮೇಜಿನ ಮೇಲೆ ಹರಡಿದ. ಮೂರು ಕಡೆಯೂ ಅಂಚು ಅಂಕುಡೊಂಕು, ಹಲ್ಲು ಹಲ್ಲು. ಸಾಣೆಗೆಂದು ಚೀಲಕ್ಕೆ ಹಾಕಿದ್ದು ಹಲ್ಲಿನ ಕತ್ತರಿಯನ್ನು. ನಾಲ್ಕು ಬೀದಿಗೆ ಒಂದೇ ಒಂದಿರುವ ಕತ್ತರಿ. ಕಳ್ಳ ಕನ್ನ ಕೊರೆದು ಗೋಡೆಯ ಮೇಲೆ ತನ್ನ ವಿಳಾಸ ಬರೆದು ಬಂದಂತಾಯಿತು. ತುಂಡು ತಿರುವಿದರೆ ಹಿಂಬದಿಯಲ್ಲಿ ಡೌನ್ ಎಂಬ ಪದದ ಅರ್ಧ. ಅದರ ಅರ್ಥಕ್ಕೆ ನಿಘಂಟು ನೋಡುವ ಅಗತ್ಯವಿರಲಿಲ್ಲ.

ಶುಕ್ರವಾರ ಉಳಿ ಅಂಗಡಿಗೆ ಬಂದು ಬಾಗಿಲ ಚೌಕಟ್ಟಿಗೆ ಒರಗಿ ನಿಂತ. ಕತ್ತರಿ ಮೆಷಿನ್ನಿನಿಂದ ತಲೆ ಎತ್ತಲಿಲ್ಲ.

"ಅಣ್ಣ, ನನಗ್ಯಾಕೆ ಆ ಪುಸ್ತಕ? ಓದೋಕೆ ಬರಲ್ಲ, ಸೌದೆ ಮಾಡೋಕಾಗಲ್ಲ. ನಿಮಗೇ ಸಿಗುತ್ತೆ ಬಿಡಿ. ಅದಕ್ಕೊಂದು ಪೆಟ್ಟಿಗೆ ಮಾಡಿಕೊಡ್ತೀನಿ."

"ನಿನ್ನ ಪೆಟ್ಟಿಗೆ ಯಾರು ಕೇಳಿದ್ರು?"

"ಯಾರೂ ಕೇಳ್ಲಿಲ್ಲ. ಆದ್ರೂ..." ಉಳಿ ಪೆನ್ಸಿಲು ತೆಗೆದು ಕಿವಿ ಕೆರೆದುಕೊಂಡ. "ನಿಮಗೇನು ಬಿಡಿ. ಹೋದ ವಾರ ಮಾವನ ಮನೆ ಕಿಟಕಿ ರಿಪೇರಿ ಮಾಡ್ತಿದ್ದೆ. ಅಷ್ಟು ಹೊತ್ತೂ ಅವರ ಬಾಯಲ್ಲಿ ನಿಮ್ಮ ಪದಗಳೇ. ಪ್ಲೌಟೇಲು, ಆ ಕೆಸರು ಲಂಗದೋಳು, ಎಲ್ಲಾ ಸಾಲಾಗಿ ಬಾಯಿಪಾಠ. ನನ್ನ ಹತ್ರ ಮಾತಾಡೋವಾಗ ಬರೀ, ಆ ಮೊಳೆ ಗಟ್ಟಿಯಾಗಿ ಹೊಡಿ ಅಂತಾರೆ, ಅಷ್ಟೇ."

ಕತ್ತರಿಯ ಕಾಲು ಪೆಡಲಿನ ಮೇಲೆ ನಿಂತಿತು. ಇವನಿಗೂ ಹೊಟ್ಟೆಯುರಿಯೇ? ತನ್ನ ಮೇಲೆ? ಒಂದು ಗಳಿಗೆ ಹಿತವೆನಿಸಿತು. ಮರುಗಳಿಗೆಯೇ ಜೇಬಿನಲ್ಲಿದ್ದ ತುಂಡು ಕೆಂಡದಂತೆ ಸುಟ್ಟಿತು.

ಭಾನುವಾರ ಎಲ್ಲರೂ ಸೇರಿದರು. ಅಕ್ಕ ತಂಗಿ ಒಂದು ಕಡೆ, ಅತ್ತೆ ಬಾಗಿಲಲ್ಲಿ, ಪುಸ್ತಕ ಮಾವನ ತೊಡೆಯ ಮೇಲೆ.

"ಮೊದಲು ಉಳಿ ಹೇಳ್ಲಿ."

ಉಳಿ ಎದ್ದುನಿಂತು ತನ್ನ ಪ್ಯಾಂಟಿನ ತುದಿ ತೋರಿಸಿದ. "ಕರ್ಟೇಲ್, ಮಾವ. ಅತ್ತೆ ಹೇಳಿಕೊಟ್ರು. ಅಣ್ಣ ಹೊಲಿದ್ರು."

ಅಕ್ಕತಂಗಿಯರು ಸೆರಗು ಬಾಯಿಗಿಟ್ಟುಕೊಂಡರು. ಮಾವ ಕೈ ಚಾಚಿ ಪ್ಯಾಂಟಿನ ಅಂಚು, ಅದರ ಕೆಳಗಿನ ಬರಿಗಾಲು ಎರಡನ್ನೂ ಮುಟ್ಟಿ ನೋಡಿ, "ಎರಡು ಬೆರಳು" ಎಂದರು. ನಗಲಿಲ್ಲ. "ಇರ್ಲಿ. ಕತ್ತರಿ ಹೇಳೋಕೆ ಮೊದಲು ಉಳಿಗೆ ಅವನ ಡವ್‌ಟೇಲಿನ ಚಿತ್ರ ತೋರ್ಸೋಣ. ಪಾಪ, ತನ್ನ ಪದಾನ ತಾನೇ ನೋಡಿಲ್ಲ."

ಪುಟ ಹುಡುಕಲು ಮಾವನಿಗೆ ಕಣ್ಣು ಬೇಕಿರಲಿಲ್ಲ. ನಲವತ್ತು ವರ್ಷದ ಹೆಬ್ಬೆರಳು ನೇರ ಜಾಗಕ್ಕೆ ಹೋಯಿತು. ಹಾಳೆ ಸವರಿತು. ನಿಂತಿತು. ಹಾಳೆ ಇರಬೇಕಾದ ಕಡೆ ಹಾಳೆ ಇರಲಿಲ್ಲ. ಬೆರಳು ಖಾಲಿ ಜಾಗದ ಅಂಚು ಹಿಡಿದು ಹಲ್ಲಿನಿಂದ ಹಲ್ಲಿಗೆ ಮೆಲ್ಲಗೆ ನಡೆಯಿತು.

ಅತ್ತೆ ಬಗ್ಗಿ ನೋಡಿ, "ಅಯ್ಯೋ, ಇಲಿ ಕಡಿದಿದೆ!" ಎಂದರು.

"ಹೌದು, ಇಲಿ" ಎಂದರು ಮಾವ. "ಬಹಳ ಅಚ್ಚುಕಟ್ಟಾದ ಇಲಿ. ನೂಲು ಬಿಚ್ಚಬಾರದು ಅಂತ ಹಲ್ಲು ಕೊಟ್ಟು ಕತ್ತರಿಸಿದೆ."

ಕತ್ತರಿಯ ಹೆಂಡತಿ ಗಂಡನ ಮುಖ ನೋಡಿ ನೆಲ ನೋಡಿದಳು. ಉಳಿ ಮಾತ್ರ, "ಇಲಿ ಹಲ್ಲು ಹಾಗೇ ಇರುತ್ತೆ ಮಾವ, ನಮ್ಮ ಹಲಗೆಗಳನ್ನೂ ಹಿಂಗೇ..." ಎಂದು ಶುರುಮಾಡಿದ.

ಅವನು ಕಾಪಾಡಲು ಹೊರಟಿದ್ದಾನೆ ಎಂದು ಕತ್ತರಿಗೆ ತಿಳಿಯಿತು. ಇವನ ಉಪಕಾರದಲ್ಲಿ ಬದುಕುವುದಕ್ಕಿಂತ ನಾಚಿಕೆಯೇ ಮೇಲು ಎನ್ನಿಸಿತು. ಎದ್ದ. ಬಾಯಿಪಾಠ ಮಾಡಿಕೊಂಡು ಬಂದಿದ್ದ ಎಂಟೇಲನ್ನು ಕೈಬಿಟ್ಟ.

"ನನ್ನ ಪದ ಹೇಳ್ತೀನಿ ಮಾವ. ಟೇಲರ್. ಬಾಲ ಇರೋನಲ್ಲ. ಕತ್ತರಿಸೋನು." ಜೇಬಿನಿಂದ ತುಂಡು ತೆಗೆದು ಮಾವನ ಅಂಗೈಯಲ್ಲಿಟ್ಟ.

ಮಾವ ತುಂಡಿನ ಮೂರು ಅಂಚನ್ನೂ ಮುಟ್ಟಿದರು. ಹುಬ್ಬಿನ ನಡುವಿನ ಗೆರೆ ಎಂದೂ ಇಲ್ಲದಷ್ಟು ಆಳವಾಗಿತ್ತು.

"ಮದುವೆಗೆ ಮುಂಚೆ ಇದೇ ಅರ್ಥ ಹೇಳಿದ್ದೆ ನೀನು. ಆವಾಗ ಕೇಳಿದ್ದೆ. ಇವತ್ತು ಮುಟ್ಟಿತಪ್ಪಾ."

ತುಂಡನ್ನು ಪುಸ್ತಕದೊಳಗಿಟ್ಟು ಮುಚ್ಚಿ ಮಾವ ತೀರ್ಪು ಕೊಟ್ಟರು. "ಮುಟ್ಟಿದ್ದು ಕತ್ತರಿಯ ಪದ. ಆದ್ರೆ ಹಾಳೆ ಕತ್ತರಿಸೋನ ಮನೇಲಿ ಪುಸ್ತಕ ಇಡೋಕಾಗಲ್ಲ. ಪುಸ್ತಕ ಉಳಿ ಮನೇಲಿರ್ಲಿ. ಅವನಿಗೆ ಓದೋಕೆ ಬರಲ್ಲ. ಪ್ರತಿ ಭಾನುವಾರ ಕತ್ತರಿ ಅಲ್ಲಿಗೆ ಹೋಗಿ ಓದಿ ಹೇಳ್ಲಿ. ಕತ್ತರಿ ಹಾಕೋ ಚೀಲ ಬಾಗಿಲಲ್ಲಿ ಬಿಟ್ಟು ಹೋಗ್ಲಿ."

ಆಮೇಲಿನ ಬದುಕು ಹಾಗೆಯೇ ನಡೆಯಿತು. ಉಳಿ ಪುಸ್ತಕಕ್ಕೆ ಪೆಟ್ಟಿಗೆ ಮಾಡಿದ. ನಾಲ್ಕು ಮೂಲೆಗೂ ಪಾರಿವಾಳದ ಬಾಲ. ಮುಚ್ಚಿದರೆ ಗಾಳಿಯೂ ನುಸುಳದು. ಕತ್ತರಿಗೆ ಆ ಪೆಟ್ಟಿಗೆಯ ಮೇಲೂ ಹೊಟ್ಟೆಯುರಿಯಿತು. ಮೊದಲ ಭಾನುವಾರ ಉಳಿ ಅಂಟು ಕಲಸಿಕೊಂಡು, ಕತ್ತರಿಸಿದ ತುಂಡನ್ನು ಹಾಳೆಯ ಪಕ್ಕ ಇಟ್ಟ. ಹಲ್ಲಿಗೆ ಹಲ್ಲು ಕೂತಿತು, ಕೂದಲೆಳೆ ಸಂದಿಲ್ಲದೆ. ಅದನ್ನು ಕಂಡು ಕತ್ತರಿಗೆ ಒಂದು ಮಾತು ಹೊಳೆಯಿತು. ಬಾಯಿ ತೆರೆಯುವಷ್ಟರಲ್ಲಿ ಉಳಿ ಅದನ್ನೇ ಆಡಿಬಿಟ್ಟ:

"ಅಣ್ಣ, ನೋಡಿ ತಮಾಷೆ! ನೀವು ಕತ್ತರಿಸಿದ್ದೂ ಡವ್‌ಟೇಲೇ ಆಯ್ತಲ್ಲ!"

ಅದನ್ನೂ ಇವನೇ ಹೇಳಬೇಕಿತ್ತೇ! ಕತ್ತರಿ ಹಲ್ಲು ಕಡಿದು ಪುಟ ತಿರುವಿದ. ಸುಮ್ಮನೆ ಟೇಲರಿನ ಪುಟಕ್ಕೆ ಹೋದ. ಆ ಬುಧವಾರ ಬಿಳಿಯಾಗಿದ್ದ ಕಡೆ ಪೆನ್ಸಿಲಿನ ಗುರುತಿತ್ತು. ಪದದ ಪಕ್ಕದಲ್ಲಲ್ಲ, ಅರ್ಧ ಅಂಗುಲ ಕೆಳಗೆ, ಕಣ್ಣು ಕಾಣದೆ ಅಂದಾಜಿನ ಮೇಲೆ ಹಾಕಿದ ಟಿಕ್ಕು. ಬಾಲ ಅಂಚು ದಾಟಿ ಹಾಳೆಯ ಹೊರಗೇ ಹೋದಂತಿತ್ತು. ಪುಸ್ತಕ ಈ ಮನೆಗೆ ಬರುವ ಮುಂಚೆ ಮಾವ ಯಾವಾಗಲೋ ಹಾಕಿದ್ದು. ಹೊಗಳಿಕೆಯೋ ಬೈಗುಳವೋ ತಿಳಿಯಲಿಲ್ಲ. ತಪ್ಪಿಲ್ಲದ ಹಾಳೆಗಲ್ಲದೆ ಆ ಕೈ ಎಂದೂ ಅದನ್ನು ಹಾಕಿದ್ದಿಲ್ಲ.

ಉಳಿ ಅಂಟಿನ ಬೆರಳನ್ನು ಪ್ಯಾಂಟಿಗೆ ಒರೆಸುತ್ತ ಬಗ್ಗಿದ. "ಏನಣ್ಣ ಅದು, ಗೆರೆ?"

ಕತ್ತರಿ ಅಂಗೈಯನ್ನು ಅದರ ಮೇಲೆ ಅಗಲವಾಗಿ ಇಟ್ಟ.

"ಏನಿಲ್ಲ. ಪೆನ್ಸಿಲು ಜಾರಿದೆ" ಎಂದ. "ನೀನು ಅತ್ತ ಕೂತ್ಕೋ, ಬೆಳಕಿಗೆ ಅಡ್ಡ ಬರ್ತೀಯ."